ಐದನೇ ಚೌಕ

ದಾವೂದ್‌ನ ಐಡಿಯನ್ನು ಕಂಪನಿಯವರು ಬಂದ್ ಮಾಡಿದರು. ಭರಮಸಾಗರದ ಒಂದು ಮನೆಗೆ ಇಂಟರ್ನೆಟ್ಟಿನ ವೈರು ಎಳೆಯುತ್ತಿದ್ದಾಗ ಆ ಮನೆಯ ನಾಯಿ ಅವನ ಎಡಗಾಲಿನ ಮೀನಖಂಡಕ್ಕೆ ಕಚ್ಚಿತು. ಅವನು ಕೆಲಸ ಅರ್ಧಕ್ಕೆ ನಿಲ್ಲಿಸಿ ಸೂಜಿ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಹೋದ. ಕೆಲಸ ಮುಗಿಸದೆ ಹೋದನೆಂದು ಮನೆಯವರು ಐದರಲ್ಲಿ ಒಂದು ಸ್ಟಾರ್ ಕೊಟ್ಟರು. ಮಾರನೆಯ ಬೆಳಗ್ಗೆ ಅವನ ಫೋನಿನಲ್ಲಿ ಕಂಪನಿಯ ಆ್ಯಪ್ ತೆರೆಯಲಿಲ್ಲ.

ಆ್ಯಪ್ ತೆರೆಯಲಿಲ್ಲ ಅಂದರೆ ಕೆಲಸ ಇಲ್ಲ. ಹೋಗಿ ಕೇಳೋಣವೆಂದರೆ ಕಚೇರಿ ಅಂತ ಒಂದು ಬಾಗಿಲಿಲ್ಲ, ಬೈಯೋಣವೆಂದರೆ ಎದುರಿಗೆ ಒಂದು ಮುಖವಿಲ್ಲ. ದಾವೂದ್‌ಗೆ ಐವತ್ಮೂರು ವರ್ಷ. ಅವನ ತಾತ ಚಿತ್ರದುರ್ಗದ ಸುತ್ತಿನ ಊರುಗಳಿಗೆ ತಿದಿ ಹೊತ್ತುಕೊಂಡು ಹೋಗಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದ. ದಾವೂದ್ ಟಿವಿ ರಿಪೇರಿ ಕಲಿತ. ಕೆಟ್ಟರೆ ಬಿಸಾಡಿ ಬೇರೆ ತರುವಂಥ ಟಿವಿಗಳು ಬಂದ ಮೇಲೆ ಅಂಗಡಿಗೆ ಬೀಗ ಹಾಕಿ, ಬೆನ್ನಿಗೆ ಚೀಲ ಏರಿಸಿ ಈ ಕೆಲಸಕ್ಕೆ ಬಂದ. ಈಗ ನಾಲ್ಕು ದಿನದಿಂದ ಮನೆಯಲ್ಲಿ ಕಾಲು ಚಾಚಿಕೊಂಡು ಕೂತಿದ್ದ. ಹೆಂಡತಿ ಜೈಬುನ್ನೀಸಾ ಅಡುಗೆಮನೆಯಿಂದ ಹೊರಗೆ ಬಂದಾಗೆಲ್ಲ "ತೆರೀತಾ?" ಅನ್ನುವಳು. ಅವನು ಆ್ಯಪಿನ ಕಿತ್ತಳೆ ಬಣ್ಣದ ಗುರುತನ್ನು ಒತ್ತುವನು. ತೆರೆಯುತ್ತಿರಲಿಲ್ಲ. ಅವಳು ಒಳಗೆ ಹೋಗುವಳು.

ಐದನೆಯ ದಿನ ಸೂಪರ್‌ವೈಸರ್ ಪ್ರಭುಲಿಂಗ ಫೋನು ಮಾಡಿದ. ದಾವೂದ್‌ನ ಅರ್ಧ ವಯಸ್ಸಿನ ಹುಡುಗ.

"ದಾವೂದಣ್ಣ, ನಿಮ್ಮ ಐಡಿ ಇವತ್ತೊಂದಿನಕ್ಕೆ ತೆರೆಸಿದೀನಿ. ಹೊಳಲ್ಕೆರೇಲಿ ಒಂದು ಕೆಲ್ಸ ಐತೆ. ಮುರುಗೇಶಪ್ಪ ಅಂತ, ಅಡಿಕೆ ಮಂಡಿ ಸಾವ್ಕಾರ್ರು. ಓಟಿಪಿ ತಗಂಡು ಐದು ಸ್ಟಾರ್ ಬಿತ್ತು ಅಂದ್ರೆ ಐಡಿ ಉಳೀತತೆ. ಬೀಳ್ಲಿಲ್ಲ ಅಂದ್ರೆ ಪೂರ್ತಿ ಹೋತು. ಆಮೇಲೆ ನನ್ ಕೈಲಿ ಏನೂ ಇಲ್ಲ."

"ನಾಯಿ ಕಚ್ಚಿದ್ದು ಏನಂತ ಬರ್ಕಂಡ್ರು ಪ್ರಭಣ್ಣ?"

"ಅದ್ಕೆ ಅದ್ರಾಗೆ ಕಾಲಮ್ಮೇ ಇಲ್ಲ ಅಣ್ಣ. ನೀವು ಹೊಂಡ್ರಿ."

ಕೆಲಸ ಮುಗಿದ ಮೇಲೆ ಗಿರಾಕಿಯ ಫೋನಿಗೆ ಆರು ಅಂಕಿಯ ಓಟಿಪಿ ಬರುತ್ತದೆ. ಗಿರಾಕಿ ಅದನ್ನು ಹೇಳಬೇಕು, ದಾವೂದ್ ತನ್ನ ಆ್ಯಪಿಗೆ ಹೊಡೆಯಬೇಕು. ಅಲ್ಲಿಯವರೆಗೆ ಅವನು ಮಾಡಿದ್ದು ಯಾವುದೂ ಮಾಡಿದಂತಲ್ಲ. ಬೈಕಿನ ಗೇರು ಒತ್ತಲು ಎಡಗಾಲು ಬಗ್ಗುತ್ತಿರಲಿಲ್ಲ, ಬಸ್ಸಿಗೇ ಹೋದ. ಕಾಲನ್ನು ನಡುದಾರಿಗೆ ಚಾಚಿ ಕೂತಿದ್ದಕ್ಕೆ ಕಂಡಕ್ಟರು ಎರಡು ಸಲ ದಾಟಿ, ಮೂರನೇ ಸಲ ನಿಂತು, "ಏನ್ ಸಾಬ್ರೆ, ಬಸ್ಸು ಬರ್ಕೊಟ್ಟಾರಾ ನಿಮಗೆ?" ಅಂದ. ದಾವೂದ್ ಪ್ಯಾಂಟು ಎತ್ತಿ ಬ್ಯಾಂಡೇಜು ತೋರಿಸಿದ. ಕಂಡಕ್ಟರು ಕಾಲಿಗೆ ತಾಕದ ಹಾಗೆ ದಾಟಿಕೊಂಡು ಹೋದ. ಆ ದಿನ ದಾವೂದ್ ಕಂಡ ಕರುಣೆ ಅಷ್ಟೇ.

ಮುರುಗೇಶಪ್ಪನವರದು ಎರಡು ಮಹಡಿಯ ಹೊಸ ಮನೆ. ಗೇಟಿನ ಬೆಲ್ಲು ಒತ್ತಿದರೆ ಬೆಲ್ಲಿನೊಳಗಿಂದಲೇ ಒಂದು ಹೆಣ್ಣು ಇಂಗ್ಲಿಷಿನಲ್ಲಿ ಏನೋ ಹೇಳಬೇಕಂತೆ. ಹಳೆಯ ಇಂಟರ್ನೆಟ್ಟು ಬೆಳಗ್ಗೆಯೇ ತೆಗೆಸಿದ್ದರಿಂದ ಇವತ್ತು ಅದು ಹೇಳಲಿಲ್ಲ. ಯಜಮಾನರೇ ಹೊರಗೆ ಬಂದರು. ಹಣೆಯ ಮೇಲೆ ವಿಭೂತಿ, ಮೈಮೇಲೆ ಬಿಳಿ ಬನಿಯನ್ನು, ಕೈಯಲ್ಲಿ ಫೋನು.

"ಬರ್ರಿ ಸಾಬ್ರೆ. ಚಪ್ಲಿ ಅಲ್ಲೇ ಗೇಟಿನ ಹತ್ರ ಬಿಡ್ರಿ. ಎಷ್ಟೊತ್ತಾಕ್ಕತೆ?"

"ಅರ್ಧ ಗಂಟೆ ಯಜಮಾನ್ರೆ."

ಅರ್ಧ ಗಂಟೆಗೆ ಮುಗಿಯಿತು ಕೂಡ. ಕಂಬದಿಂದ ವೈರು ಎಳೆದು, ಹಾಲಿಗೂ ಅಡುಗೆಮನೆಗೂ ನಡುವಿನ ಗೋಡೆಗೆ ಹೊಸ ರೂಟರ್ ಕೂರಿಸಿದ. ಹಳೆಯದು ಹಾಲಿನ ಮುಂಭಾಗದಲ್ಲಿತ್ತು. ಹಿಂದಿನ ಕೋಣೆಗಳಿಗೆ ಸಿಗ್ನಲ್ಲೇ ಬರುತ್ತಿರಲಿಲ್ಲವೆಂದು ಯಜಮಾನರ ಹೆಂಡತಿ ಕಮಲಮ್ಮ ಬಂದು ಹೇಳಿದ್ದರು. ನಾಲ್ಕು ಕೋಲಿನ ಹೊಸ ಪೆಟ್ಟಿಗೆಯ ಮೇಲೆ ಹಸಿರು ದೀಪ ಹತ್ತಿತು. ಎಲ್ಲರ ಫೋನಿನಲ್ಲೂ ವಿಡಿಯೋ ಓಡಿತು. ದಾವೂದ್ ಚೀಲದ ಜಿಪ್ಪು ಎಳೆದ.

"ಒಂದು ಓಟಿಪಿ ಬಂದಿರ್ತತೆ ಯಜಮಾನ್ರೆ, ಹೇಳಿದ್ರೆ..."

"ಎಲ್ಲಿ ಮುಗೀತು ಸಾಬ್ರೆ? ಫ್ಯಾನು ಮಾತು ಕೇಳ್ತಿಲ್ಲ."

ನಿಜ. ಆ ಮನೆಯಲ್ಲಿ ಫ್ಯಾನು, ಲೈಟು, ಗೀಸರು, ಎಸಿ, ಟಿವಿ, ನೀರಿನ ಮೋಟರು, ಗೇಟಿನ ಬೆಲ್ಲು, ಕ್ಯಾಮೆರಾ, ಎಲ್ಲವೂ ಹಳೆಯ ವೈಫೈಗೆ ಕಟ್ಟಿಕೊಂಡಿದ್ದವು. ಅದು ಹೋದ ಮೇಲೆ ಹತ್ತೊಂಬತ್ತು ಸಾಮಾನು ಕಿವುಡಾಗಿ ಕೂತಿದ್ದವು.

"ಅವನ್ನ ಕೂರ್ಸಿದೋರು ಬಂದು ಜೋಡಿಸ್ಬೇಕು ಯಜಮಾನ್ರೆ. ನಮ್ಮ ಕಂಪನಿ ಕೆಲ್ಸ ಈ ಪೆಟ್ಟಿಗೆವರೆಗೆ ಮಾತ್ರ."

"ಹೌದಾ? ಓಟಿಪಿ ಬಂದಿರೋದು ನನ್ ಫೋನಿಗೆ ಮಾತ್ರ." ಮುರುಗೇಶಪ್ಪ ಸಿಟ್ಟಿನಿಂದ ಹೇಳಲಿಲ್ಲ. ಮಂಡಿಯಲ್ಲಿ ಅಡಿಕೆ ಕೈಗೆತ್ತಿಕೊಂಡು ತೇವ ಐತೆ ಅನ್ನುವಷ್ಟೇ ಸಲೀಸಾಗಿ ಹೇಳಿದರು. "ಎಲ್ಲಾ ಮೊದ್ಲಿನಂಗೆ ಆಗ್ಲಿ, ಹೇಳ್ತೀನಿ. ಕುಂತ್ಕಳ್ರಿ, ಟೀ ಕುಡೀರಿ. ಅವಸರ ಏನೈತೆ."

ದಾವೂದ್ ಜಿಪ್ಪು ಮತ್ತೆ ತೆಗೆದ.

ಒಂದೊಂದು ಸಾಮಾನಿಗೂ ಒಂದೊಂದು ಸೊಕ್ಕು. ಒಂದರ ಗುಂಡಿ ಐದು ಸೆಕೆಂಡು ಹಿಡಿಯಬೇಕು, ಇನ್ನೊಂದರದು ಹತ್ತು. ಒಂದು ಕೆಂಪಗೆ ಮಿಣುಕಿದರೆ ಸರಿ, ಇನ್ನೊಂದು ಕೆಂಪಗೆ ಮಿಣುಕಿದರೆ ತಪ್ಪು. ಯಜಮಾನರ ಮಗ ಹಾಲೇಶ್ ಸೋಫಾದ ಮೇಲೆ ಕಾಲು ಮಡಿಸಿ ಕೂತು ತನ್ನ ಫೋನಿನಲ್ಲಿ ಅದನ್ನು ಒತ್ತಿ ಇದನ್ನು ಒತ್ತಿ ಅಂತ ದಾವೂದ್‌ನಿಂದ ಹೇಳಿಸಿಕೊಳ್ಳುತ್ತಿದ್ದ. ಮದುವೆಗೆ ಹೆಣ್ಣು ನೋಡುತ್ತಿದ್ದ ಮೂವತ್ತರ ಗಂಡು. ಎರಡು ಗಂಟೆಯಲ್ಲಿ ನಾಲ್ಕು ಸಾಮಾನು ಸೇರಿದವು. ಹದಿನೈದು ಉಳಿದವು. ದಾವೂದ್‌ನ ಮೀನಖಂಡ ಬ್ಯಾಂಡೇಜಿನೊಳಗೆ ಬೇರೆಯೇ ಒಂದು ಪ್ರಾಣಿಯ ಹಾಗೆ ಮಿಡಿಯುತ್ತಿತ್ತು.

ನಡುವೆ ಕೆಲಸದ ಪಾರ್ವತಮ್ಮ ಜಗಲಿಗೆ ಟೀ ತಂದಳು. ಕಾಗದದ ಲೋಟದಲ್ಲಿ. ಮನೆಯವರ ಸ್ಟೀಲು ಲೋಟ ಬೇರೆ ತಟ್ಟೆಯಲ್ಲಿತ್ತು.

"ನಿಮಗೂ ಕಾಗದದ್ದೇನಾ?" ದಾವೂದ್ ಕೇಳಿದ.

"ನಂದು ಹಿತ್ಲಾಗೆ ಗೂಡಿನಾಗೈತೆ ಅಣ್ಣ. ಗಾಜಿಂದು. ನಿಮಗಿಂತ ಒಂದು ಮೆಟ್ಲು ಮ್ಯಾಲೆ ನಾನು." ಅವಳು ನಕ್ಕಳು. ನಲವತ್ತೈದರ ಆಸುಪಾಸು; ಎಲೆಯಡಿಕೆಯಿಂದ ಕೆಂಪಾದ ಹಲ್ಲು. "ಕಾಲಿಗೇನಾತು?"

"ನಾಯಿ."

"ಸಾವ್ಕಾರ್ರ ನಾಯೇನಾ?"

"ಸಾವ್ಕಾರ್ರದ್ದೇ."

"ಬೀದಿದಾದ್ರೆ ಬಿಡ್ತಿತ್ತು." ಅವಳು ಗೋಡೆಗೆ ಒರಗಿ ಒಂದು ನಿಮಿಷ ನಿಂತಳು. "ನಾನು ಈಗ ಸೊಸೈಟಿಗೆ ಹೋಗಿ ರೇಷನ್ನಿಗೆ ಹೆಬ್ಬೆಟ್ಟು ಒತ್ತಿ ಬರ್ತೀನಿ. ಮೂರಕ್ಕೆ ಬಂದು ಮತ್ತೆ ಸೀರೆ ಬದ್ಲಾಯಿಸ್ಬೇಕು ನೋಡ್ರಿ. ಹೊರಗಿನ ಸೀರೇಲಿ ಒಳಗೆ ಕಾಲಿಡಂಗಿಲ್ಲ, ಅಮ್ಮಾರ ಲಿಂಗಪೂಜೆ ಮನೆ. ದಿನಕ್ಕೆ ಎರಡು ಸಲ ಬಿಚ್ಚು, ಎರಡು ಸಲ ಉಡು. ಮದ್ವಣಗಿತ್ತಿಗೂ ಇಷ್ಟಿರಲ್ಲ."

"ಎಲ್ಲಿ ಬದ್ಲಾಯಿಸ್ತೀರಿ?"

"ಹಿತ್ಲಾಗೆ ನಲ್ಲಿ ಹತ್ರ ತಗಡು ನಿಲ್ಸವ್ರೆ, ಮೂರು ಕಡೆ. ಮ್ಯಾಲೆ ಬಯಲು. ಒಂದು ಕ್ಯಾಮೆರಾ ಬ್ಯಾರೆ ಕುಂತೈತೆ ತಾರಸಿ ಮ್ಯಾಲೆ. ಹಾಕ್ಸಿದಾಗ ನಾನು ಒಲ್ಲೆ ಅಂದೆ. ಅದು ಕೋತಿ ಹೆದ್ರಲಿ ಅಂತ ಇಟ್ಟಿದ್ದು, ಸತ್ತದ್ದು ಅಂದ್ರು ಅಮ್ಮಾರು. ಕೋತಿ ಏನ್ ಹೆದ್ರಲ್ಲ, ಅದ್ರ ಮ್ಯಾಲೆ ಕುಂತು ಹೇನು ಆರಿಸ್ತಾವೆ."

ದಾವೂದ್ ನಕ್ಕ. ಅರ್ಧ ಕಿವಿಯಲ್ಲಿ ಕೇಳಿಸಿಕೊಂಡಿದ್ದ. ಇನ್ನರ್ಧ ತಲೆಯಲ್ಲಿ ಉಳಿದ ಹದಿನೈದು ಸಾಮಾನು ಇದ್ದವು. ಲೋಟ ಬಿಸಾಡಿ ಎದ್ದ.

ಮುಂದಿನದು ದೇವರ ಕೋಣೆಯ ಬಲ್ಬು. ಸಂಜೆ ಆರಕ್ಕೆ ತಾನೇ ಹತ್ತುವಂಥದ್ದು. ದಾವೂದ್ ಬಾಗಿಲ ಹತ್ತಿರ ಬರುತ್ತಿದ್ದಂತೆ ಕಮಲಮ್ಮ ಎರಡೂ ಕೈ ಅಡ್ಡ ಹಿಡಿದರು.

"ಅಲ್ಲೇ ನಿಂತ್ಕಳ್ರಿ ಸಾಬ್ರೆ. ಒಳಗೆ ಬರಬ್ಯಾಡ್ರಿ. ಏನು ಮಾಡ್ಬೇಕು ಹೇಳ್ರಿ, ನಾನೇ ಮಾಡ್ತೀನಿ."

"ಸ್ವಿಚ್ಚು ಐದು ಸಲ ಹಾಕಿ ತೆಗೀರಿ ಅಮ್ಮ. ಐದನೇ ಸಲ ಹಾಕಿ ಹಂಗೇ ಬಿಡ್ರಿ."

ಕಮಲಮ್ಮ ಹಾಕಿದರು, ತೆಗೆದರು.

"ಆರಾತು ಅಮ್ಮ. ಮೊದ್ಲಿಂದ."

ಹಾಕಿದರು, ತೆಗೆದರು.

"ಈಗ ನಾಲ್ಕಕ್ಕೇ ನಿಲ್ಸಿದ್ರಿ."

"ನೀವು ಹೊರಗಿಂದ ಹೇಳಿದ್ರೆ ನನಗೆ ತಲೆ ಓಡಲ್ಲ!"

"ಒಳಗಿಂದ ಹೇಳಾಕೆ ನೀವು ಬಿಡ್ತಿಲ್ಲ."

ಸೋಫಾದಿಂದ ಹಾಲೇಶ್ ಕಿಸಕ್ಕನೆ ನಕ್ಕ. ಕಮಲಮ್ಮನವರ ಮುಖ ಬಿಗಿಯಿತು. ಬಲ್ಬು ಏಳು ಸಲಕ್ಕೂ ಸೇರಲಿಲ್ಲ. ಅಡುಗೆಮನೆಯಲ್ಲಿ ಇನ್ನು ಮೂರಿದ್ದವು: ಹೊಗೆ ಎಳೆಯುವ ಚಿಮಣಿ, ಗೀಸರು, ಮೋಟರಿನ ಸ್ವಿಚ್ಚು. ಅಲ್ಲಿಗೂ ಅವನು ಹೋಗುವಂತಿಲ್ಲ. ತಾತನೂ ಇಂಥ ಮನೆಗಳ ಹಿತ್ತಿಲಲ್ಲೇ ಕೂತು ಕಲಾಯಿ ಹಾಕುತ್ತಿದ್ದ. ಪಾತ್ರೆ ಒಳಗೆ ಹೋಗುತ್ತಿತ್ತು, ತಾತ ಹೋಗುತ್ತಿರಲಿಲ್ಲ. ಮೊಮ್ಮಗ ಹಾಲಿನವರೆಗೆ ಬಂದಿದ್ದಾನೆ. ಮೂರು ತಲೆಮಾರಿಗೆ ಇಪ್ಪತ್ತು ಅಡಿ.

ದಾವೂದ್‌ಗೆ ಒಂದು ಅಡ್ಡದಾರಿ ಗೊತ್ತಿತ್ತು. ಹೊಸ ಪೆಟ್ಟಿಗೆಗೆ ಹಳೆಯ ವೈಫೈನ ಹೆಸರನ್ನೂ ಹಳೆಯ ಪಾಸ್‌ವರ್ಡನ್ನೂ ಅಕ್ಷರ ಬಿಡದೆ ಇಟ್ಟುಬಿಟ್ಟರೆ ಸಾಮಾನುಗಳಿಗೆ ಪೆಟ್ಟಿಗೆ ಬದಲಾದದ್ದೇ ತಿಳಿಯುವುದಿಲ್ಲ. ಒಂದನ್ನೂ ಮುಟ್ಟದೆ, ಯಾವ ಕೋಣೆಗೂ ಹೋಗದೆ, ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಆದರೆ ಗಿರಾಕಿಯ ಹಳೆಯ ಪಾಸ್‌ವರ್ಡ್ ಕೇಳಬಾರದು ಅಂತ ಕಂಪನಿಯ ಕಾನೂನು. ಅದನ್ನು ಅವನು ಯಾವತ್ತೂ ಮುರಿದಿರಲಿಲ್ಲ. ಇವತ್ತು ಕಾಲು ಮಿಡಿಯುತ್ತಿತ್ತು, ಗಂಟೆ ಮೂರಾಗುತ್ತಿತ್ತು, ಬೆಳಗ್ಗೆ ತಿಂದ ಎರಡು ರೊಟ್ಟಿ ಯಾವಾಗಲೋ ಕರಗಿದ್ದವು.

"ಹಾಲೇಶಪ್ಪ, ಹಳೇ ಪಾಸ್‌ವರ್ಡ್ ನಿಮ್ಮ ಫೋನಿನಾಗೆ ಉಳಿದಿರ್ತತೆ. ತೋರ್ಸಿ."

ತೋರಿಸಿದ. ದಾವೂದ್ ಹೊಸ ಪೆಟ್ಟಿಗೆಗೆ ಅದನ್ನೇ ಬರೆದ. ಮೊದಲು ಸೇರಿಸಿದ ನಾಲ್ಕು ಈಗ ಬಿಟ್ಟುಹೋಗುತ್ತವೆ. ಅವು ನಾಲ್ಕೂ ಹಾಲಿನಲ್ಲೇ ಇದ್ದವು, ಮತ್ತೆ ಸೇರಿಸಿದರಾಯಿತು. ಪೆಟ್ಟಿಗೆ ಆರಿ ಹತ್ತಿತು.

ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ದೇವರ ಕೋಣೆಯಲ್ಲಿ ಬಲ್ಬು ಹತ್ತಿತು. ಅಡುಗೆಮನೆಯಲ್ಲಿ ಚಿಮಣಿ ಕುಂಯ್‌ಗುಟ್ಟಿತು. ಮಹಡಿಯ ಮೇಲೆ ಎಸಿ ಬಾಯಿ ತೆರೆದ ಸದ್ದು. ಗೇಟಿನ ಬೆಲ್ಲಿನ ಹೆಣ್ಣು ಯಾರೂ ಒತ್ತದೆ ತಾನೇ ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿತು.

"ಅಯ್ಯೋ ಶಿವನೇ!" ಕಮಲಮ್ಮ ಒಳಗಿನಿಂದ ಕೂಗಿದರು. "ಬಂತು, ಎಲ್ಲಾ ಬಂತು!"

"ಭಲೇ ಸಾಬ್ರೆ!" ಮುರುಗೇಶಪ್ಪ ದಾವೂದ್‌ನ ಬೆನ್ನು ತಟ್ಟಿದರು. "ಇದನ್ನ ಮೊದ್ಲೇ ಮಾಡಾಕೇನಾಗಿತ್ತು? ಹಾಲೇಶ, ಟಿವೀಲಿ ಕ್ಯಾಮೆರಾ ಹಾಕು, ನೋಡಾಣ."

ಫೋನಿನಲ್ಲಿ ಸಣ್ಣಗೆ ಕಾಣುತ್ತದೆಂದು ಯಜಮಾನರು ಕ್ಯಾಮೆರಾಗಳನ್ನೆಲ್ಲ ಟಿವಿಗೆ ಹಾಕಿಸಿಕೊಂಡಿದ್ದರು. ಗೋಡೆಯ ಅರ್ಧದಷ್ಟಿದ್ದ ಆ ಟಿವಿಯ ಮೇಲೆ ಐದು ಚೌಕಗಳು ಮೂಡಿದವು. ಒಂದರಲ್ಲಿ ಗೇಟು. ಒಂದರಲ್ಲಿ ಕಾರು. ಒಂದರಲ್ಲಿ ಮೆಟ್ಟಿಲು. ಒಂದರಲ್ಲಿ ರಸ್ತೆ. ಐದನೆಯದು ಕಪ್ಪಗಿತ್ತು.

"ಅದು ಬರಲ್ಲ ಬಿಡು, ಹಿತ್ಲದ್ದು," ಅಂದ ಹಾಲೇಶ್. "ಅಲ್ಲಿಗೆ ಸಿಗ್ನಲ್ಲೇ ಸಿಕ್ತಿರ್ಲಿಲ್ಲ."

ಐದನೆಯದು ಒಂದು ಸಲ ನಡುಗಿ ತೆರೆಯಿತು.

ಮೇಲಿನಿಂದ ಕಾಣುವ ಹಿತ್ತಿಲು. ಅಡಿಕೆ ದಾಸ್ತಾನಿನ ಬಾಗಿಲು, ಬಟ್ಟೆ ಒಗೆಯುವ ಕಲ್ಲು, ನಲ್ಲಿ. ನಲ್ಲಿಯ ಪಕ್ಕ ಮೂರು ತಗಡು. ತಗಡುಗಳ ನಡುವೆ ಪಾರ್ವತಮ್ಮ. ಹೊರಗಿನ ಸೀರೆ ತೆಗೆದು ತಗಡಿನ ಮೇಲೆ ಹಾಕಿದ್ದಳು. ಮನೆಯೊಳಗಿನ ಸೀರೆಯನ್ನು ಇನ್ನೂ ಕೈಯಲ್ಲಿ ಹಿಡಿದು ಅಂಚು ಹುಡುಕುತ್ತಿದ್ದಳು. ಟಿವಿ ದೊಡ್ಡದು. ಬಣ್ಣ ಚೆನ್ನಾಗಿತ್ತು.

ಮುರುಗೇಶಪ್ಪ ಮುಖ ತಿರುಗಿಸಿದರು. ಹಾಲೇಶ್ ತಿರುಗಿಸಲಿಲ್ಲ. ದಾವೂದ್‌ಗೆ ಏನು ಕಾಣುತ್ತಿದೆಯೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು, ಆ ಒಂದು ಕ್ಷಣ ಅವನೂ ನೋಡಿದ. ಆಮೇಲೆ ಗೋಡೆಗೆ ಹೋಗಿ ರೂಟರಿನ ಪಿನ್ನನ್ನು ವೈರಿನ ಸಮೇತ ಕಿತ್ತುಕೊಂಡ. ಚೌಕಗಳು ಒಂದೊಂದಾಗಿ ನಿಂತವು. ಚಿಮಣಿ ಮಾತ್ರ ಕುಂಯ್‌ಗುಡುತ್ತಲೇ ಇತ್ತು.

"ಯಾಕೆ ಕಿತ್ರಿ?" ಯಜಮಾನರು ಕೇಳಿದರು.

ಕ್ಯಾಮೆರಾ ಸತ್ತದ್ದು ಅಂದಿದ್ದಳು ಪಾರ್ವತಮ್ಮ. ಜಗಲಿಯಲ್ಲಿ ನಿಂತು, ನಗುತ್ತ, ಅವನಿಗೇ ಹೇಳಿದ್ದಳು. ದಾವೂದ್ ಪಿನ್ನನ್ನು ಅಂಗೈಯಲ್ಲಿ ಹಿಡಿದುಕೊಂಡ. ಬಿಸಿಯಾಗಿತ್ತು.

"ಆ ಹಿಂದ್ಲ ಕ್ಯಾಮೆರಾ ಕೆಟ್ಟೈತೆ ಯಜಮಾನ್ರೆ. ಅದ್ರಿಂದ ಪೆಟ್ಟಿಗೆ ಹೀಟಾಗ್ತೈತೆ. ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಕೊಡ್ತೀನಿ."

ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಹೇಳುತ್ತಿದ್ದಂತೆ ಅವನಿಗೇ ಅದು ಟೊಳ್ಳಾಗಿ ಕೇಳಿತು.

"ಏನ್ ಸಾಬ್ರೆ, ಈಗ ತಾನೇ ಗಾಜಿನಂಗೆ ಕಾಣ್ತಿತ್ತಲ್ಲ!" ಹಾಲೇಶ್ ನಕ್ಕ. "ಅದೇ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು."

"ಬಾಯ್ಮುಚ್ಚಲೇ," ಮುರುಗೇಶಪ್ಪ ಮಗನನ್ನು ಗದರಿಸಿದರು. ಆಮೇಲೆ ದಾವೂದ್ ಕಡೆ ತಿರುಗಿ ದನಿ ಇಳಿಸಿದರು. "ನೋಡ್ರಿ, ನನಗೂ ಅರ್ಥ ಆಗ್ತತೆ. ನಾವೇನು ಕುಂತ್ಕಂಡು ಅದನ್ನ ನೋಡ್ತೀವಾ? ಹಿತ್ಲಾಗೆ ಮಾಲೈತೆ. ಹೋದ ತಿಂಗ್ಳು ಎರಡು ಚೀಲ ಕಾಣ್ಲಿಲ್ಲ. ಆ ಕ್ಯಾಮೆರಾ ನನಗೆ ಬೇಕೇ ಬೇಕು."

"ಏಣಿ ಕೊಡ್ರಿ. ನಾನೇ ಹತ್ತಿ ದಾಸ್ತಾನು ಬಾಗ್ಲಿನ ಕಡೆ ತಿರುಗಿಸ್ತೀನಿ."

"ತಿರುಗಿಸಿದ್ರೆ ಹಿತ್ಲ ಗೇಟು ಬಿಟ್ಟೋಗ್ತತೆ."

"ಹಂಗಾದ್ರೆ ತಗಡಿನ ಮ್ಯಾಲೆ ಇನ್ನೊಂದು ತಗಡು ಮುಚ್ಚಾಣ."

"ಮುಚ್ಚಾಣ, ಮುಚ್ಚಾಣ. ಮುಂದಿನ ವಾರ ಆಳು ಕರ್ಸಿ ಮುಚ್ಚಿಸ್ತೀನಿ. ಈಗ ಪಿನ್ನು ಚುಚ್ರಿ."

"ಅಲ್ಲಿತಂಕ ಅವ್ರು ಒಳಗೆ ಬಚ್ಚಲಾಗೆ ಬದ್ಲಾಯಿಸ್ಕಳ್ಳಿ."

ಕಮಲಮ್ಮ ಅಡುಗೆಮನೆಯ ಬಾಗಿಲಿಗೆ ಬಂದಿದ್ದರು. ಏನಾಯಿತೆಂದು ಅವರಿಗೆ ಗಂಡನ ಮುಖದಿಂದಲೇ ತಿಳಿದಿತ್ತು. "ಹೊರಗಿನ ಸೀರೇಲಿ ಒಳಗೆ ಹೆಂಗೆ ಬರ್ತಾಳೆ? ಅದು ಆಗಲ್ಲ. ನನ್ನತ್ತೆ ಕಾಲದಿಂದ ಬಂದಿದ್ದು."

"ಹಂಗಾದ್ರೆ ಅವ್ರಿಗೆ ಹೇಳ್ರಿ. ಕ್ಯಾಮೆರಾ ನೋಡ್ತೈತೆ ಅಂತ."

"ಹೇಳಿದ್ರೆ ನಾಳೆಯಿಂದ ಬರಲ್ಲ ಅವ್ಳು. ಈಗ ಕೆಲ್ಸದೋರು ಎಲ್ಲಿ ಸಿಗ್ತಾರೆ?" ಮುರುಗೇಶಪ್ಪ ತುಟಿಯ ಮೇಲೆ ಬೆರಳಿಟ್ಟರು. "ಯಾರೂ ಏನೂ ಹೇಳಾದು ಬ್ಯಾಡ. ನೀವು ಇವತ್ತು ಇಲ್ಲಿರ್ತೀರಿ, ನಾಳೆ ದುರ್ಗದಾಗಿರ್ತೀರಿ. ಪಿನ್ನು ಚುಚ್ರಿ, ಓಟಿಪಿ ತಗಳ್ರಿ, ಐದು ಸ್ಟಾರ್ ಕೊಡ್ತೀನಿ. ಬಸ್‌ಸ್ಟ್ಯಾಂಡಿಗೆ ಹಾಲೇಶ ಕಾರಿನಾಗೆ ಬಿಟ್ಟು ಬರ್ತಾನೆ."

ದಾವೂದ್ ಐದು ಸ್ಟಾರನ್ನು ನೆನೆದ. ಅಡುಗೆಮನೆಯಿಂದ ಬರುವ ಜೈಬುನ್ನೀಸಾಳನ್ನು ನೆನೆದ, "ತೆರೀತಾ?" ಅನ್ನುವ ಅವಳ ದನಿಯನ್ನು. ಅದು ದಿನದಿಂದ ದಿನಕ್ಕೆ ಸಣ್ಣಗಾಗುತ್ತಿತ್ತು. ಮುಂದಿನ ವಾರ ಮುಚ್ಚಿಸುತ್ತಾರೆ ಅಂತ ನಂಬಬಹುದಿತ್ತು. ನಂಬುವುದೇನು ದೊಡ್ಡ ಕೆಲಸವಲ್ಲ. ಸುಸ್ತಾದವನಿಗೆ ಅದಕ್ಕಿಂತ ಸುಲಭದ್ದು ಬೇರೆ ಇಲ್ಲ. ಈ ದೇಶದಲ್ಲಿ ಎಷ್ಟೋ ತಗಡುಗಳು ಮುಂದಿನ ವಾರಕ್ಕೆಂದು ಕಾದು ತುಕ್ಕು ಹಿಡಿದಿವೆ.

ಹಿತ್ತಿಲ ಬಾಗಿಲು ಸದ್ದಾಯಿತು. ಪಾರ್ವತಮ್ಮ ಪೊರಕೆ ಹಿಡಿದು ಹಾಲಿಗೆ ಬಂದಳು. ಮನೆಯೊಳಗಿನ ಸೀರೆ ಉಟ್ಟಿದ್ದಳು. ನೀಲಿ ಬಣ್ಣದ್ದು, ಒಗೆದೊಗೆದು ತೆಳ್ಳಗಾದದ್ದು.

"ಏನಣ್ಣ, ಇನ್ನೂ ಮುಗೀಲಿಲ್ವಾ? ನಾನು ರೇಷನ್ನು ತಂದೂ ಆತು, ಸರತಿ ಸಾಲಾಗೆ ಜಗಳ ಆಡಿದ್ದೂ ಆತು."

ಹಾಲೇಶ್ ಫೋನು ನೋಡತೊಡಗಿದ. ಕಮಲಮ್ಮ ಸೆರಗು ಸರಿಮಾಡಿಕೊಂಡರು, ತಮ್ಮದನ್ನು.

"ಪಾರ್ವತಮ್ಮ," ಅಂದ ದಾವೂದ್. ಮುರುಗೇಶಪ್ಪ "ಸಾಬ್ರೆ" ಅಂದರು, ಎಚ್ಚರಿಸುವ ದನಿಯಲ್ಲಿ. ದಾವೂದ್ ಅವರ ಕಡೆ ನೋಡಲಿಲ್ಲ. "ಆ ಕ್ಯಾಮೆರಾ ಸತ್ತಿರ್ಲಿಲ್ಲ. ಇಂಟರ್ನೆಟ್ಟು ಸಿಗದೆ ಮಲಗಿತ್ತು. ಇವತ್ತು ನಾನೇ ಎಬ್ಬಿಸ್ದೆ. ನನಗೆ ಹೇಳಿದ್ರಿ ನೀವು, ನಾನು ತಲೆಗೆ ಹಾಕ್ಕಳ್ಳಿಲ್ಲ. ಈಗ, ನೀವು ಬದ್ಲಾಯಿಸ್ವಾಗ, ಈ ಟಿವೀಲಿ ಬಂತು."

ಅವಳು ಟಿವಿ ನೋಡಿದಳು. ಅದರ ಎತ್ತರ ನೋಡಿದಳು, ಅಗಲ ನೋಡಿದಳು. ಅದನ್ನು ದಿನಾ ಒರೆಸುವವಳು ಅವಳೇ.

"ಎಷ್ಟೊತ್ತು?"

"ನಿಮಿಷ ಆಗ್ಲಿಲ್ಲ. ಪಿನ್ನು ಕಿತ್ತೆ."

"ಯಾರ್ಯಾರಿದ್ರು?"

"ಯಜಮಾನ್ರು. ಹಾಲೇಶಪ್ಪ. ನಾನು."

"ನೀವೂ ನೋಡಿದ್ರಾ?"

"ನೋಡ್ದೆ."

ಹೊಡೆಯುತ್ತಾಳೆ ಅಂದುಕೊಂಡ. ಹೊಡೆದಿದ್ದರೆ ಒಳ್ಳೆಯದಿತ್ತು. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು, ನಿಧಾನವಾಗಿ, ಬೀಳದ ಹಾಗೆ. ಹಿಂತಿರುಗಿ ಹಿತ್ತಿಲ ಬಾಗಿಲಿಗೆ ಹೋಗಿ ಹೊಸಿಲ ಆಚೆ ಮೆಟ್ಟಿಲ ಮೇಲೆ ಅವರಿಗೆಲ್ಲ ಬೆನ್ನು ಹಾಕಿ ಕೂತಳು.

"ಪಾರ್ವತಿ, ಪಾತ್ರೆ ಹಂಗೇ ಬಿದ್ದಾವೆ ಕಣೇ," ಕಮಲಮ್ಮ ಹೇಳಿದರು. ದನಿಯಲ್ಲಿ ಅರ್ಧ ಅಪ್ಪಣೆ, ಅರ್ಧ ಬೇಡಿಕೆ. ಬೆನ್ನು ಅಲ್ಲಾಡಲಿಲ್ಲ.

"ಸಮಾಧಾನ ಆತಾ?" ಮುರುಗೇಶಪ್ಪನವರ ಮುಖ ಕೆಂಪೇರಿತ್ತು. "ಅನ್ನ ಹಾಕೋ ಮನೇಲಿ ಕುಂತು ಬೆಂಕಿ ಹಚ್ಚಿದ್ಯಲ್ಲೋ!"

ಅವರು ಹಾಕಿದ್ದು ಕಾಗದದ ಲೋಟದಲ್ಲಿ ಒಂದು ಟೀ.

ಯಜಮಾನರು ಕಂಪನಿಯ ಕಾಗದದ ಮೇಲಿದ್ದ ನಂಬರಿಗೆ ಫೋನು ಹಚ್ಚಿದರು. ಅದು ಎಲ್ಲೆಲ್ಲೋ ಸುತ್ತಿ ಕೊನೆಗೆ ಪ್ರಭುಲಿಂಗನಿಗೆ ಹೋಯಿತು. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದರು. ನಿಮ್ಮ ಮನುಷ್ಯ ಪಿನ್ನು ಕಿತ್ಕಂಡು ನಿಂತವ್ನೆ, ನಮ್ಮ ಕ್ಯಾಮೆರಾ ನಮಗೆ ಕೊಡಲ್ಲ ಅಂತಾನೆ, ಮನೆ ಆಳಿಗೆ ಇಲ್ಲದ್ದು ಹೇಳಿಕೊಡ್ತಾನೆ ಅಂತ ದೂರಿದರು. ಪ್ರಭುಲಿಂಗ ಹತ್ತು ಸಲ ಸಾರಿ ಸರ್ ಅಂದ.

"ದಾವೂದಣ್ಣ, ಕೇಳ್ತೈತಾ? ಏನ್ ಮಾಡ್ತಿದೀಯ ನೀನು? ಗಿರಾಕಿ ಮನೆ, ಗಿರಾಕಿ ಕ್ಯಾಮೆರಾ. ಅದು ಎತ್ಲಾಗೆ ನೋಡಿದ್ರೆ ನಿನಗೇನು?"

"ಹೆಣ್ಮಗಳು ಸೀರೆ ಬದ್ಲಾಯಿಸೋ ಜಾಗ ನೋಡ್ತೈತೆ ಪ್ರಭಣ್ಣ."

ಫೋನಿನಲ್ಲಿ ಯಾವುದೋ ರಸ್ತೆಯ ಹಾರ್ನು ಕೇಳಿತು. ಆಮೇಲೆ ಪ್ರಭುಲಿಂಗ ಮಾತಾಡಿದ; ದನಿ ಅವನದೇ, ಮಾತು ಕಂಪನಿಯದು.

"ಅದು ನಮ್ಮ ವ್ಯಾಪ್ತಿಗೆ ಬರಲ್ಲ. ಕನೆಕ್ಷನ್ ಕೊಡಾದು ಅಷ್ಟೇ ನಮ್ಮ ಕೆಲ್ಸ. ನೀನು ಈಗ ಕೊಡ್ದೇ ಬಂದ್ರೆ ಐಡಿ ಹೋತು, ತಿಳ್ಕ. ಹುಚ್ಚಾಟ ಆಡಬ್ಯಾಡ ಅಣ್ಣ, ಪಿನ್ನು ಹಾಕು."

ಮುರುಗೇಶಪ್ಪ ಫೋನನ್ನು ದಾವೂದ್‌ನ ಮುಖದ ಮುಂದೆ ಹಿಡಿದರು. ಪರದೆಯ ಮೇಲೆ ಕಂಪನಿಯ ಮೆಸೇಜು ತೆರೆದಿತ್ತು, ಹೆಬ್ಬೆರಳು ಅಂಕಿಗಳನ್ನು ಮುಚ್ಚಿತ್ತು. ಹೆಬ್ಬೆರಳ ಅಂಚಿನಿಂದ ಕೊನೆಯ ಅಂಕಿ ಮಾತ್ರ ಹೊರಗೆ ಇಣುಕುತ್ತಿತ್ತು: ಏಳು.

"ಕಂಡಾ? ಬೆರಳು ತೆಗೀತೀನಿ. ಪಿನ್ನು ಚುಚ್ಚು."

ದಾವೂದ್ ಗೋಡೆಯ ಕಡೆ ನೋಡಿದ. ಪ್ಲಗ್ಗಿನ ಮೂರು ತೂತು ಕಾಯುತ್ತಿದ್ದವು. ಮೂರು ಹೆಜ್ಜೆ ದೂರ. ಈ ಕಾಲಿನಲ್ಲಿ ನಾಲ್ಕು. ಹಿತ್ತಿಲ ಬಾಗಿಲಿನಾಚೆ ನೀಲಿ ಬೆನ್ನು ಸ್ವಲ್ಪ ನೆಟ್ಟಗಾಗಿತ್ತು, ಕೇಳಿಸಿಕೊಳ್ಳುತ್ತಿತ್ತು. ಅದು 'ಬೇಡ' ಅನ್ನಲಿಲ್ಲ, ತಿರುಗಿ ಅವನ ಕಡೆ ನೋಡಲೂ ಇಲ್ಲ. ಅವನಿಂದ ಅದು ಏನನ್ನೂ ಎದುರುನೋಡುತ್ತಿರಲಿಲ್ಲ. ನೋಡಿದವರ ಲೆಕ್ಕದಲ್ಲಿ ಅವನೂ ಒಬ್ಬ.

"ಚುಚ್ಚಲೇ!" ಅಂದರು ಮುರುಗೇಶಪ್ಪ.

"ಹಾಕು ಅಣ್ಣ," ಅಂದಿತು ಫೋನು.

ದಾವೂದ್ ಅಲ್ಲೇ ಸೋಫಾದ ಪಕ್ಕ ನೆಲದ ಮೇಲೆ ಕಷ್ಟದಿಂದ ಕೂತ, ಕಚ್ಚಿದ ಕಾಲನ್ನು ಮುಂದಕ್ಕೆ ಚಾಚಿದ. ಪಿನ್ನು ಮುಷ್ಟಿಯಲ್ಲೇ ಇತ್ತು.

"ಚುಚ್ಚಲ್ಲ," ಅಂದ.